ಬಾಚಿ ಮುಚ್ಚಿದ ಸುಳಿ

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಕೆಲಸ ಒಲೆ ಹೊತ್ತಿಸುವುದು, ಎರಡನೆಯದು ನನ್ನ ತಲೆ ಬಾಚುವುದು. ಒಲೆ ಅವ್ವನದು, ತಲೆ ಅಜ್ಜಿಯದು. ಅಜ್ಜಿ ನನ್ನನ್ನು ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ, ತಾನು ಮೇಲಿನ ಮೆಟ್ಟಿಲಲ್ಲಿ ಕೂತು, ಎರಡು ಮೊಣಕಾಲುಗಳ ನಡುವೆ ನನ್ನ ಭುಜ ಬಿಗಿಹಿಡಿದು ಹರಳೆಣ್ಣೆ ಹಚ್ಚುತ್ತಿದ್ದಳು. ನನ್ನ ನೆತ್ತಿಯಲ್ಲಿ ಎರಡು ಸುಳಿಗಳಿದ್ದವು. ಈಗಲೂ ಇವೆ, ಕೂದಲು ಕಡಿಮೆಯಾದದ್ದರಿಂದ ಆಗಿನದಕ್ಕಿಂತ ಸ್ಪಷ್ಟವಾಗಿ ಕಾಣುತ್ತವೆ. ತಲೆಯಲ್ಲಿ ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದರು. ಗಂಡುಹುಡುಗರ ವಿಷಯದಲ್ಲಿ ಅದು ತಮಾಷೆಯ ಮಾತು. ಹುಡುಗಿಗೆ ಎರಡು ಮದುವೆ ಎಂದರೆ ಮೊದಲ ಗಂಡ ಏನಾದ ಎಂಬ ಪ್ರಶ್ನೆ ಏಳುತ್ತದೆ, ಆಮೇಲೆ ಮೊದಲ ಗಂಡನೇ ಸಿಗುವುದಿಲ್ಲ. ಆದ್ದರಿಂದ ಅಜ್ಜಿ ಬಲಗಡೆಯ ಸುಳಿಯ ಕೂದಲನ್ನು ಅದು ತಿರುಗುವ ದಿಕ್ಕಿಗೆ ಎದುರಾಗಿ ಎಳೆದು, ಎಣ್ಣೆಯ ಅಂಗೈಯಿಂದ ಒತ್ತಿ, ನನ್ನ ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳು. ಮನೆಯ ನಾಲ್ಕು ಜನರನ್ನು ಬಿಟ್ಟು ಊರಿನಲ್ಲಿ ಯಾರಿಗೂ ಆ ಸುಳಿಯ ವಿಷಯ ಗೊತ್ತಿರಲಿಲ್ಲ. ದಾಖಲೆಗೆಂದು ಹೇಳುತ್ತೇನೆ: ನನಗೆ ಆದದ್ದು ಒಂದೇ ಮದುವೆ.

ಮನೆ ಇದ್ದದ್ದು ಫ್ರೇಸರ್‌ಪೇಟೆಯಿಂದ ಐದು ಮೈಲಿ ಒಳಗೆ. ಆಗ ಕುಶಾಲನಗರವನ್ನು ಹಾಗೆ ಕರೆಯುತ್ತಿದ್ದರು. ನಮಗೆ ಅದು ಬರೀ ಪೇಟೆ. ಕೆಳಗೆ ಗದ್ದೆ, ಹಿಂದೆ ಒಂದು ತುಂಡು ಕಾಫಿ, ನಡುವಿನ ದಿಬ್ಬದ ಮೇಲೆ ಹೆಂಚಿನ ಮನೆ. ನಡುಮನೆಯ ಒಂದು ಮೂಲೆಯಲ್ಲಿ ಅಪ್ಪನ ಮೇಜು. ಅಪ್ಪ ಹತ್ತಿರದ ಎಸ್ಟೇಟಿನಲ್ಲಿ ರೈಟರ್. ಲೈನ್‌ಮನೆಗಳಲ್ಲಿದ್ದ ತೋಟದ ಆಳುಗಳ ಹಾಜರಿ ಬರೆಯುವುದು ಅವನ ಕೆಲಸ. ಮನೆಗೆ ಬಂದ ಮೇಲೂ ಬೆರಳಿನ ತುದಿ ನೀಲಿಯಾಗಿಯೇ ಇರುತ್ತಿತ್ತು. ಅಜ್ಜನ ಜಾಗ ಜಗಲಿಯ ಕಂಬ. ಅಜ್ಜನಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು, ಆದರೂ ಸುತ್ತಿನ ಹಳ್ಳಿಯವರು ಎತ್ತು ಕೊಳ್ಳುವಾಗ ಅವನನ್ನೇ ಕರೆದುಕೊಂಡು ಹೋಗುತ್ತಿದ್ದರು. ಅವನು ಕಣ್ಣು ಮುಚ್ಚಿ, ಎತ್ತಿನ ಮೈಮೇಲೆ ಬೆರಳು ಓಡಿಸಿ, ಎಲ್ಲೆಲ್ಲಿ ಸುಳಿ ಇದೆ, ಯಾವುದು ಮನೆಗೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಹೇಳುತ್ತಿದ್ದ. ಅವನು ಬೇಡ ಎಂದ ಎತ್ತನ್ನು ಆ ಸುತ್ತಿನಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ.

ಈ ಮನೆಗೆ ಕುದುರೆ ಬೇಕಾಗಿ ಬಂದದ್ದು ಒಂದು ಗಾಡಿಯಿಂದ. ಅಪ್ಪನ ಎಸ್ಟೇಟಿನ ಇಂಗ್ಲಿಷ್ ದೊರೆ ಕೆಲಸ ಬಿಟ್ಟು ಸೀಮೆಗೆ ಹೊರಟಾಗ ತನ್ನ ಎರಡು ಗಾಲಿಯ ಹಗುರ ಗಾಡಿಯನ್ನು ಅಪ್ಪನಿಗೆ ಕೊಟ್ಟುಹೋದ. ಕುದುರೆಯನ್ನು ಮಾತ್ರ ಬೇರೆ ದೊರೆಗೆ ಮಾರಿದ್ದ. ಹಸಿರು ಬಣ್ಣದ, ಹಿತ್ತಾಳೆಯ ದೀಪದ ಆ ಗಾಡಿ ಒಂದು ಬೇಸಿಗೆ ಪೂರ್ತಿ ನಮ್ಮ ಅಂಗಳದಲ್ಲಿ ಮೂಗು ನೆಲಕ್ಕೆ ಊರಿ ನಿಂತಿತ್ತು. ಸೀಟಿನ ಕೆಳಗೆ ಎರಡು ಕೋಳಿಗಳು ಮೊಟ್ಟೆಯಿಟ್ಟು ಮರಿ ಮಾಡಿದವು. ಒಂದು ದಿನ ಅಜ್ಜ ಅದಕ್ಕೆ ನಮ್ಮ ಜೋಡಿ ಎತ್ತುಗಳಲ್ಲಿ ಒಂದನ್ನು ಕಟ್ಟಿ ನೋಡಿದ. ಬಲಕ್ಕೂ ಎಡಕ್ಕೂ ಮರದ ದಂಡಗಳು ಮೈಗೆ ತಾಗುವುದನ್ನು ಎತ್ತು ಅಂದಿನವರೆಗೆ ಕಂಡಿರಲಿಲ್ಲ. ಅದು ಗಾಡಿ ಸಮೇತ ನೇರವಾಗಿ ಗದ್ದೆಗೆ ಇಳಿದು ಕೆಸರಿನಲ್ಲಿ ಮಲಗಿತು. ಇದು ಯಾರೋ ಹೇಳಿದ ಮಾತಲ್ಲ, ಗಾಡಿಯಲ್ಲಿ ನಾನಿದ್ದೆ.

ಅದೇ ಬೇಸಿಗೆಯಲ್ಲಿ ಊರಿನ ಶಾಲೆಯಲ್ಲಿ ನನ್ನ ನಾಲ್ಕನೆಯ ತರಗತಿ ಮುಗಿಯಿತು. ಮುಂದಿನ ತರಗತಿ ಇದ್ದದ್ದು ಪೇಟೆಯಲ್ಲಿ. ಐದು ಮೈಲಿಯಲ್ಲಿ ಮೂರು ಮೈಲಿ ಬಿದಿರುಕಾಡು, ಆನೆ ದಾಟುವ ದಾರಿ. ನಡೆದು ಹೋಗುವ ಮಾತೇ ಇರಲಿಲ್ಲ. ಅಕ್ಕಿರೊಟ್ಟಿ, ಬದನೆಕಾಯಿ ಗೊಜ್ಜಿನ ಮುಂದೆ ಕೂತು ಅಪ್ಪನೂ ಅಜ್ಜನೂ ನನ್ನ ವಿಷಯ ಮಾತಾಡಿದ್ದು ನನಗೆ ಚೆನ್ನಾಗಿ ನೆನಪಿದೆ.

"ಗಾಡಿ ಐತೆ. ಒಂದು ಕುದುರೆ ತಂದ್ರೆ ಪುಟ್ಟಿ ಪೇಟೆ ಶಾಲೆಗೆ ಹೋಗ್ತಾಳೆ," ಎಂದ ಅಪ್ಪ.

"ಓದಿ ಏನು, ನಿನ್ನಂಗೆ ಆಳು ಎಣಿಸ್ತಾಳಾ?" ಎಂದ ಅಜ್ಜ.

"ಎಣಿಸ್ಲಿ ಬಿಡಿ. ನಾನು ನಮ್ಮಕ್ಕನ ಮನೆಗೆ ಹೋಗಿ ನಾಕು ವರ್ಷ ಆಯ್ತು," ಎಂದಳು ಅಜ್ಜಿ. ಅವಳ ಅಕ್ಕ ಇದ್ದದ್ದು ಪೇಟೆಯಲ್ಲಿ. ಎತ್ತಿನ ಗಾಡಿಯ ಕುಲುಕಾಟಕ್ಕೆ ಅಜ್ಜಿಯ ಮಂಡಿ ತಡೆಯುತ್ತಿರಲಿಲ್ಲ. "ಕುದುರೆ ಬಂದ್ರೆ ಇವಳ ಜೊತೆ ನಾನೂ ಹೋಗ್ತೀನಿ."

ಅಜ್ಜ ಒಂದು ತುಂಡು ರೊಟ್ಟಿ ಮುರಿದು ಗೊಜ್ಜಿಗೆ ಅದ್ದಿದ.

"ಆಯ್ತು. ಆದ್ರೆ ಸುಳಿ ನೋಡೋನು ನಾನು. ನಾನು ಹೂಂ ಅಂದ್ರೆ ಕುದುರೆ, ಶಾಲೆ ಎರಡೂ. ನಾನು ಬ್ಯಾಡ ಅಂದ್ರೆ ಗಾಡೀಲಿ ಕೋಳಿ ಇರ್ಲಿ, ಇವಳು ಮನೇಲಿರ್ಲಿ."

ಶಾಲೆ ತೆರೆಯುವುದಕ್ಕೆ ಹತ್ತು ದಿನ ಉಳಿದಿತ್ತು. ಅಷ್ಟರೊಳಗೆ ಅಪ್ಪನಿಗೆ ರಜೆ ಸಿಗುತ್ತಿದ್ದದ್ದು ಒಂದೇ ಭಾನುವಾರ.

ಆ ಭಾನುವಾರ ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಅಜ್ಜ, ಅಜ್ಜಿ, ಅಪ್ಪ, ನಾನು ಹೊರಟೆವು. ಕುದುರೆಯನ್ನು ಕಟ್ಟಿ ನೋಡಿಯೇ ಕೊಳ್ಳಬೇಕೆಂದು ದೊರೆಯ ಗಾಡಿಯನ್ನೂ ಹಗ್ಗದಿಂದ ಹಿಂದೆ ಬಿಗಿದಿದ್ದರು. ಅವ್ವ ಬರಲಿಲ್ಲ. "ದಿನಕ್ಕೆ ಹುರುಳಿ ಎಷ್ಟು ತಿನ್ತದೆ ಅಂತ ಕೇಳ್ಕೊಂಡು ಬನ್ನಿ, ಅಷ್ಟು ಸಾಕು," ಎಂದು ಬಾಗಿಲಲ್ಲಿ ನಿಂತು ಹೇಳಿದಳು. ದಾರಿಯುದ್ದಕ್ಕೂ ಎದುರಾದವರು ನಕ್ಕರು. "ಏನ್ ಗೌಡ್ರೇ, ಗಾಡಿ ಎಳೆಯೋಕೆ ಗಾಡಿ ಕಟ್ಟಿದೀರಾ?" ಎಂದು ಒಬ್ಬ ಕೂಗಿದ. ಅಜ್ಜ ತಲೆಯೆತ್ತಲಿಲ್ಲ. ಅಜ್ಜಿಯೇ ಉತ್ತರ ಕೊಟ್ಟಳು: "ನಿನ್ನ ಕಟ್ಟೋಣ ಅಂತಿದ್ದೆ, ನೀನು ಸಿಗ್ಲಿಲ್ಲ ಕಣಪ್ಪ!"

ಕುದುರೆ ಸಾಹೇಬರೆಂದು ಎಲ್ಲರೂ ಕರೆಯುತ್ತಿದ್ದ ವ್ಯಾಪಾರಿಯ ಹಟ್ಟಿ ಹೊಳೆಯ ಸೇತುವೆಯಿಂದ ಕೊಂಚ ಈಚೆಗಿತ್ತು. ಬಿದಿರಿನ ಬೇಲಿ, ಉದ್ದನೆಯ ಒಂದು ಹುಲ್ಲಿನ ಚಪ್ಪರ, ಬೇಯುತ್ತಿದ್ದ ಹುರುಳಿಯ ವಾಸನೆ. ಮೈಸೂರಿನ ಕಡೆಯಿಂದ ಕುದುರೆ ತಂದು, ಕೊಡಗಿನ ತೋಟಗಳಿಗೆ ಮಾರುವುದು ಸಾಹೇಬರ ವ್ಯಾಪಾರ. ಊರಿಗೆ ಹೊರಟ ದೊರೆಗಳ ಕುದುರೆಗಳನ್ನೂ ಅವರೇ ಕೊಳ್ಳುತ್ತಿದ್ದರು. ಬಿಳಿ ಗಡ್ಡ, ತೊಳೆದು ತೊಳೆದು ತೆಳುವಾದ ಕೋಟು. ನಮ್ಮ ನಾಲ್ಕೂ ಜನರನ್ನು ಕ್ರಮವಾಗಿ ನೋಡಿದರು. ಅಜ್ಜಿಯ ಮಂಡಿಯನ್ನೂ ಅಜ್ಜನ ಕಣ್ಣನ್ನೂ ಗಮನಿಸಿದರು ಎಂದು ಈಗ ಅನಿಸುತ್ತದೆ.

"ಯಾರಿಗೆ ಕುದುರೆ, ಗೌಡ್ರೇ? ನಿಮಗಾ, ರೈಟರ್ ಸಾಹೇಬ್ರಿಗಾ?"

"ಮನೆಗೆ," ಎಂದಳು ಅಜ್ಜಿ.

"ಅರೆ, ಅದೇ ಕಷ್ಟ ಅಮ್ಮಾ. ಒಬ್ರಿಗೆ ಕುದುರೆ ಕೊಡೋದು ಸುಲಭ. ಮನೆಗೆ ಕೊಡೋದು ಮದುವೆ ಮಾಡಿಸ್ದಂಗೆ."

ಮೊದಲು ತಂದದ್ದು ಮೈಸೂರಿನ ಪಂದ್ಯದಲ್ಲಿ ಓಡಿ ಬಿಟ್ಟ ಕೆಂಪು ಕುದುರೆ. ಅಪ್ಪ ಅದರ ಮೇಲಿಂದ ಕಣ್ಣು ಕೀಳಲಿಲ್ಲ. ಅಜ್ಜಿ ಅದರ ಬೆನ್ನಿನವರೆಗೆ ತಲೆಯೆತ್ತಿ ನೋಡಿ, "ಇದ್ರ ಮೈ ತೊಳೆಯೋಕೆ ಏಣಿ ಬೇಕು. ಮುಂದಿಂದು ತನ್ನಿ," ಎಂದಳು. ಎರಡನೆಯದು ಬಿಳಿ ಕುದುರೆ. ಅಜ್ಜ ಕಣ್ಣು ಮುಚ್ಚಿ ಅದರ ಕತ್ತು, ಎದೆ, ಪಕ್ಕೆಯ ಮೇಲೆ ಬೆರಳಾಡಿಸಿ, ಗಂಟಲ ಹತ್ತಿರ ನಿಲ್ಲಿಸಿದ. ಅಲ್ಲಿ ದೇವಮಣಿ ಇತ್ತು, ಎಲ್ಲಕ್ಕಿಂತ ಒಳ್ಳೆಯದೆನ್ನುವ ಸುಳಿ. "ಇದೇ," ಎಂದ ಅಜ್ಜ. ಗಾಡಿಗೆ ಕಟ್ಟಿದರು. ಆಗ ಅಜ್ಜಿ, ಯಾರನ್ನೂ ಕೇಳದೆ, ಅದರ ಮುಂದೆ ನಿಂತು ತನ್ನ ಕಪ್ಪು ಛತ್ರಿಯನ್ನು ಪಟ್ಟನೆ ಬಿಚ್ಚಿದಳು. ದೇವಮಣಿಯ ಕುದುರೆ ಹಿಂಗಾಲ ಮೇಲೆ ಎದ್ದು, ಪಕ್ಕಕ್ಕೆ ತಿರುಗಿ, ಹಿತ್ತಾಳೆಯ ದೀಪವೊಂದನ್ನು ಬೇಲಿಯಾಚೆ ಹಾರಿಸಿತು.

"ಛತ್ರಿ ಯಾಕೆ ಬಿಚ್ಚಿದೆ ನೀನು?" ಎಂದು ಅಜ್ಜ ಗದರಿದ.

"ಮಳೆ ಬಂದಾಗ ಪುಟ್ಟಿ ಛತ್ರಿ ಬಿಚ್ಚಲ್ವಾ? ಆಗ ನಿಮ್ಮ ದೇವರು ಇವಳನ್ನ ಎಲ್ಲಿಗೆ ಎಸೀತಾನೆ, ಅದನ್ನ ನೋಡ್ಬೇಕಿತ್ತು."

ಮೂರನೆಯದು ಕಂದು ಬಣ್ಣದ ಹೆಣ್ಣು ಕುದುರೆ, ಹೆಸರು ಮೋತಿ. ಚೆಲುವೆಯೇನಲ್ಲ. ಹೊಟ್ಟೆ ಸ್ವಲ್ಪ ಜೋತಿತ್ತು, ಕೆಳತುಟಿ ಸದಾ ಏನೋ ಯೋಚಿಸುವವರ ಹಾಗೆ ಇಳಿಬಿದ್ದಿತ್ತು. ಅಜ್ಜಿ ಛತ್ರಿ ಬಿಚ್ಚಿದಳು. ಮೋತಿ ಛತ್ರಿಯ ಅಂಚನ್ನು ಮೂಸಿ ನೋಡಿ ಬಿಟ್ಟಿತು. ಅಪ್ಪ ಹಿಂದಿನಿಂದ ತಗಡಿನ ಡಬ್ಬ ಬಡಿದ. ಒಂದು ಕಿವಿ ಮಾತ್ರ ತಿರುಗಿತು. ಅಪ್ಪ ಗಾಡಿಗೆ ಕಟ್ಟಿ ಸೇತುವೆಯವರೆಗೆ ಹೋಗಿ ಬಂದ. ಎದುರಿಗೆ ಬಸ್ಸು ಬಂದು ಹಾರನ್ನು ಹೊಡೆದರೆ ತಾನಾಗಿಯೇ ಅಂಚಿಗೆ ಸರಿದು ನಿಂತಿತಂತೆ. ಮಕ್ಕಳು ಹತ್ತಿರ ಬಂದರೆ ಹೇಗೆ ಎಂದು ಅಪ್ಪ ಕೇಳಿದ್ದಕ್ಕೆ ಸಾಹೇಬರು ನನ್ನನ್ನು ಕರೆದು ಅದರ ಮುಂಗಾಲನ್ನು ಎತ್ತು ಎಂದರು. ನಾನು ಬಗ್ಗಿ ಮುಟ್ಟುತ್ತಲೇ ಅದು ತಾನೇ ಕಾಲೆತ್ತಿ, ಭಾರವನ್ನು ನನ್ನ ಮೇಲೆ ಬಿಡದೆ, ಗೊರಸನ್ನು ನನ್ನ ಅಂಗೈಯಲ್ಲಿ ಇಟ್ಟಿತು. ಅಂಗೈ ಬೆಚ್ಚಗಾಯಿತು. ನನಗೆ ಬೇರೆ ಯಾವ ಕುದುರೆಯೂ ಬೇಡವೆನಿಸಿತು. ಆದರೆ ಅಜ್ಜ ಇನ್ನೂ ಸುಳಿ ನೋಡಿರಲಿಲ್ಲ.

ಅಜ್ಜ ಕಣ್ಣು ಮುಚ್ಚಿದ. ಬೆನ್ನು, ಭುಜ, ಎದೆ, ಹಣೆ. ಬೆರಳುಗಳು ಬಲಗಣ್ಣಿನ ಕೆಳಗೆ ಬಂದವು, ಕೆನ್ನೆಯ ಮೇಲಿಂದ ಇಳಿದವು, ದವಡೆಗೆ ಹೋದವು.

"ಕೆಟ್ಟದೇನೂ ಸಿಗ್ಲಿಲ್ಲ," ಎಂದ ಅಜ್ಜ.

ಆಗಲೇ ಅಜ್ಜಿ ನನ್ನ ಕೈ ಹಿಡಿದುಕೊಂಡು ಮೋತಿಯ ಬಲಗಡೆಗೆ ಹೋದಳು. ಅಪ್ಪ, ಅಜ್ಜ ಇಬ್ಬರೂ ಗಾಡಿಯ ಹತ್ತಿರ ದೀಪ ಸರಿಮಾಡುತ್ತಿದ್ದರು. ಅಜ್ಜಿ ಕುದುರೆಯ ಕಣ್ಣಿನ ಕೆಳಗೆ ನೋಡಿದಳು, ಹೆಬ್ಬೆರಳಿನಿಂದ ಒಮ್ಮೆ ಮೇಲ್ಮುಖವಾಗಿ ಸವರಿದಳು. ಒತ್ತಿ ಮಲಗಿಸಿದ್ದ ಕೂದಲು ಎದ್ದು, ಬಿಚ್ಚಿ, ಪುಟ್ಟ ಸುಳಿಯಾಗಿ ತಿರುಗಿ ನಿಂತಿತು. ಕಣ್ಣಿನ ಕೆಳಗಿನ ಸುಳಿಗೆ ಕಣ್ಣೀರು ಸುಳಿ ಎನ್ನುತ್ತಾರೆ. ಅಂಥ ಕುದುರೆ ಹೊಕ್ಕ ಮನೆಯವರು ಅಳುತ್ತಾರೆ ಎಂಬ ನಂಬಿಕೆ ಆಗ ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ಪುಕ್ಕಟೆ ಕೊಟ್ಟರೂ ಕೈಚಾಚುವವರಿರಲಿಲ್ಲ.

"ಸಾಯ್ಬ್ರೇ, ಬನ್ನಿ ಇಲ್ಲಿ," ಎಂದು ಅಜ್ಜಿ ತಗ್ಗಿದ ದನಿಯಲ್ಲಿ ಕರೆದಳು. "ಇದೇನಿದು?"

ಸಾಹೇಬರು ನೋಡಿದರು. ಅವರ ಮುಖ ಬದಲಾಗಲಿಲ್ಲ. "ಹೆಂಗೆ ಗೊತ್ತಾಯ್ತಮ್ಮಾ? ಗೌಡ್ರ ಕೈಗೇ ಸಿಗ್ಲಿಲ್ಲ."

"ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ಅದೇ ಕೆಲಸ ನಂದು. ಒತ್ತಿದ ಕೂದ್ಲು ಯಾವುದು, ಹುಟ್ಟಿದ ಕೂದ್ಲು ಯಾವುದು ನಂಗೆ ಗೊತ್ತಾಗಲ್ವಾ?"

"ನೋಡಮ್ಮಾ," ಎಂದರು ಸಾಹೇಬರು. "ಹಲ್ಲು, ಗೊರಸು, ಉಸಿರು, ಈ ಮೂರರಲ್ಲಿ ನಾನು ಸುಳ್ಳು ಹೇಳಲ್ಲ. ಹೇಳಿದ್ರೆ ಮಗು ಬಿದ್ದು ಸಾಯ್ತದೆ. ಸುಳಿ ಬೇರೆ ಮಾತು. ಈ ಜಾನ್ವರ್ ನನ್ನ ಹತ್ರ ಎರಡು ವರ್ಷ ಐತೆ. ಎಲ್ರೂ ಇಷ್ಟ ಪಡ್ತಾರೆ, ಕಣ್ಣ ಕೆಳಗೆ ನೋಡ್ತಾರೆ, ಎದ್ದು ಹೋಗ್ತಾರೆ. ಅಳೋದು ಯಾರೂ ಅಲ್ಲ, ಇದೇ."

ಅಜ್ಜಿ ನಂಬಿಕೆ ಇಲ್ಲದವಳಲ್ಲ. ಬೆಕ್ಕು ಅಡ್ಡ ಬಂದರೆ ಕೂತು ನೀರು ಕುಡಿದು ಹೊರಡುವವಳು. ಅವಳು ಗಾಡಿಯ ಕಡೆ ನೋಡಿದಳು. ಒಂದು ಮಾತು ಕೂಗಿ ಹೇಳಿದ್ದರೆ ಅಲ್ಲಿಗೆ ನನ್ನ ಶಾಲೆ ಮುಗಿಯುತ್ತಿತ್ತು. ಅದು ನನಗೆ ಆಗಲೇ ಅರ್ಥವಾಗಿತ್ತು. ನಾನು ಅವಳ ಸೆರಗು ಹಿಡಿದುಕೊಂಡೆ. ಅವಳ ಕೈ ಎಂದಿನಂತೆ ನನ್ನ ನೆತ್ತಿಗೆ ಬಂದು ಬಲಗಡೆಯ ಸುಳಿ ಮುಚ್ಚಿದೆಯೇ ಎಂದು ಸವರಿ ನೋಡಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಹೋಗ್ಲಿ. ಒಂದು ಸಾಕ್ತಿದೀನಿ, ಇದೊಂದಾಗ್ಲಿ," ಎಂದಳು. ಆಮೇಲೆ ವ್ಯವಹಾರದ ದನಿಯಲ್ಲಿ, "ಏನು ಹಚ್ತೀರಿ ಇದಕ್ಕೆ? ಬರೀ ಎಣ್ಣೆಗೆ ಇಷ್ಟು ಹೊತ್ತು ನಿಲ್ಲಲ್ಲ."

"ಜೇನುಮೇಣ. ಎಳ್ಳೆಣ್ಣೇಲಿ ಕರಗಿಸಿ, ಬೆರಳ ತುದೀಲಿ ಇಷ್ಟೇ ಇಷ್ಟು."

ಅಜ್ಜಿ ಒದ್ದೆ ಬೆರಳಿನಿಂದ ಸುಳಿಯನ್ನು ಮತ್ತೆ ಮಲಗಿಸಿದಳು. ಬೆಲೆ ಮಾತಾಡುವುದು ಗಂಡಸರಿಗೆ ಬಿಟ್ಟದ್ದು. ಅಜ್ಜನೂ ಸಾಹೇಬರೂ ಎದುರುಬದುರು ಕೂತು, ಕೈಗಳ ಮೇಲೆ ಅಜ್ಜನ ಟವೆಲು ಹೊದಿಸಿ, ಒಬ್ಬರ ಬೆರಳನ್ನೊಬ್ಬರು ಒತ್ತಿ ಬೆಲೆ ಹೇಳತೊಡಗಿದರು. ದನದ ಜಾತ್ರೆಗಳಲ್ಲಿ ಹಾಗೆಯೇ. ಸುತ್ತ ನಿಂತವರಿಗೆ ಟವೆಲು ಅಲುಗುವುದಷ್ಟೇ ಕಾಣುತ್ತದೆ. ನಡುವೆ ಒಮ್ಮೆ ಸಾಹೇಬರು ತಟ್ಟನೆ ತಲೆಯೆತ್ತಿ ಅಜ್ಜನ ಮುಖ ನೋಡಿದರು, ಆಮೇಲೆ ದೂರದಲ್ಲಿ ನಿಂತ ಅಜ್ಜಿಯ ಮುಖ ನೋಡಿದರು, ಆಮೇಲೆ ಗಡ್ಡ ಅಲುಗುವಂತೆ ನಕ್ಕುಬಿಟ್ಟರು. ಸ್ವಲ್ಪದರಲ್ಲೇ ಟವೆಲು ಸರಿಯಿತು, ವ್ಯಾಪಾರ ಮುಗಿದಿತ್ತು. ಅಪ್ಪ ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆಗೆ ಮುಗಿದಿತ್ತು. ವಾಪಸು ಬರುವ ದಾರಿಯಲ್ಲಿ ಅಜ್ಜ ಆ ಮಾತನ್ನು ಮೂರು ಸಲ ಎತ್ತಿದ. ಅಜ್ಜಿ ಮೂರು ಸಲವೂ, "ನಿಮ್ಮಂಗೆ ಯಾರಿಗೆ ಬರ್ತದೆ!" ಎಂದು ನನ್ನ ಕೈ ಚಿವುಟಿದಳು.

ಮೋತಿ ಬಂದ ಮೇಲೆ ಮನೆಯ ದಿನಚರಿ ಬದಲಾಯಿತು. ಅಡುಗೆಮನೆಯ ದೊಡ್ಡ ಮಡಕೆಯಲ್ಲಿ ಹುರುಳಿ ಬೇಯತೊಡಗಿತು. ಬೆಂದ ಕಾಳು ಮೋತಿಗೆ, ಬಸಿದ ಕಟ್ಟಿನ ಸಾರು ನಮಗೆ. ವಾರಕ್ಕೆ ನಾಲ್ಕು ದಿನ ಅದೇ ಸಾರು. "ಕುದುರೆ ಉಂಡು ಬಿಟ್ಟಿದ್ದನ್ನ ನಾವು ಉಣ್ತಿದೀವಿ," ಎಂದು ಅವ್ವ ಗೊಣಗುತ್ತಿದ್ದಳು. ಆದರೆ ಮೊದಲ ಸೌಟು ತಣ್ಣಗಾಗಿಸಿ ಕೊಟ್ಟಿಗೆಗೆ ಒಯ್ಯುತ್ತಿದ್ದವಳೂ ಅವಳೇ. ಅಪ್ಪ ಭಾನುವಾರ ತನ್ನ ಮೇಜು ಬಿಟ್ಟು ಹಿತ್ತಾಳೆಯ ದೀಪ ಉಜ್ಜುತ್ತಿದ್ದ. ನನ್ನನ್ನು ಶಾಲೆಗೆ ಬಿಡುವ ಕೆಲಸವನ್ನು ಆಳಿಗೆ ವಹಿಸೋಣ ಎಂದು ಅಪ್ಪ ಅಂದಾಗ ಅಜ್ಜ ಲಗಾಮನ್ನು ಯಾರ ಕೈಗೂ ಕೊಡಲಿಲ್ಲ. ಪೊರೆ ಬಂದ ಕಣ್ಣಿನವನು ಐದು ಮೈಲಿ ಗಾಡಿ ಹೊಡೆಯುವುದೆಂದರೆ ಕೇಳಿದವರಿಗೆ ಭಯವಾಗಬಹುದು. ದಾರಿ ನೋಡುತ್ತಿದ್ದದ್ದು ಮೋತಿ, ಅಜ್ಜ ಅದಕ್ಕೆ ಊರಿನ ಸುದ್ದಿ ಹೇಳುತ್ತಿದ್ದ.

ಅಜ್ಜಿಯ ಬೆಳಗಿಗೆ ಈಗ ಎರಡು ತಲೆಗಳಿದ್ದವು. ಜಗಲಿಯಲ್ಲಿ ನನ್ನದು ಮುಗಿಸಿ, ಅಜ್ಜ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅದೇ ಬಾಚಣಿಗೆ ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಗೆ ಹೋಗುತ್ತಿದ್ದಳು. ಸಾಹೇಬರ ಮೇಣ ಅವಳಿಗೆ ಎಷ್ಟು ಹಿಡಿಸಿತೆಂದರೆ ನನ್ನ ನೆತ್ತಿಗೂ ಅದನ್ನೇ ಹಚ್ಚತೊಡಗಿದಳು. ನೋವು ಕಡಿಮೆಯಾಯಿತು, ಆದರೆ ಶಾಲೆಯಲ್ಲಿ ನೊಣಗಳು ನನ್ನ ಬೆಂಚನ್ನೇ ಹುಡುಕಿ ಬರುತ್ತಿದ್ದವು. ಊರಿನವರು ಕುದುರೆ ನೋಡಲು ಬಂದಾಗಲೆಲ್ಲ ಅಜ್ಜಿ ಒಂದು ಚೂರು ಬೆಲ್ಲ ಹಿಡಿದು ಮೋತಿಯ ಬಲಗೆನ್ನೆಗೆ ಒತ್ತಿ ನಿಂತುಬಿಡುತ್ತಿದ್ದಳು. ಪಕ್ಕದ ಮನೆಯ ಗೌಡರೊಬ್ಬರು ಒಂದು ಸಲ, "ಸ್ವಲ್ಪ ಸರೀರಿ ದೊಡ್ಡವ್ವ, ಮುಖ ನೋಡೋಣ," ಎಂದರು.

"ಮುಖದಲ್ಲಿ ಏನು ನೋಡ್ತೀಯಪ್ಪ, ನಿಂಗೇನು ಹೆಣ್ಣು ಕೊಡ್ತಿದೀವಾ? ಸುಳಿ ನಿಮ್ಮ ದೊಡ್ಡಪ್ಪನೇ ನೋಡವ್ರೆ. ಅವ್ರಿಗಿಂತ ಬಲ್ಲೋನಾ ನೀನು?"

ಅಜ್ಜ ಕಂಬಕ್ಕೊರಗಿ, "ನಾನೇ ನೋಡಿದೀನಿ," ಎಂದ. ಗೌಡರು ಮೋತಿಯ ಬೆನ್ನು ತಟ್ಟಿ ಹೊರಟರು.

ಹೀಗೆ ಒಂದು ವರ್ಷ ನಡೆಯಿತು. ಆ ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲವೆಂದು ಹೇಳಿದರೆ ಅದು ಸುಳ್ಳು ವರದಿಯಾಗುತ್ತದೆ. ಅವ್ವ ಈರುಳ್ಳಿಗೆ ಅತ್ತಳು, ನಾನು ಲೆಕ್ಕದ ಪರೀಕ್ಷೆಗೆ ಅತ್ತೆ, ಒಂದು ಕರು ಸತ್ತಾಗ ಎಲ್ಲರೂ ಅತ್ತೆವು. ಹಿಂದಿನ ವರ್ಷಗಳಿಗಿಂತ ಹೆಚ್ಚೇನಲ್ಲ.

ಮರುವರ್ಷ ಅಜ್ಜಿಯ ಅಕ್ಕನಿಗೆ ಮೈ ಹುಷಾರಿಲ್ಲದೆ ಅಜ್ಜಿ ಹತ್ತು ದಿನ ಪೇಟೆಯಲ್ಲೇ ಉಳಿದಳು. ಹೊರಡುವ ಮುನ್ನ ಮೇಣದ ಡಬ್ಬಿಯನ್ನು ನನ್ನ ಕೈಗಿಟ್ಟು, "ನಿಂದು ನಿಮ್ಮವ್ವ ಬಾಚ್ತಾಳೆ. ಅದ್ರದು ನೀನು ಮರೀಬೇಡ," ಎಂದಿದ್ದಳು. ಮೊದಲ ಬೆಳಿಗ್ಗೆ ನಾನು ಮರೆತೆ. ಶಾಲೆಗೆ ಹೊರಡುವ ಹೊತ್ತಿಗೆ ನೆನಪಾಗಿ ಡಬ್ಬಿ ಹುಡುಕಿದೆ, ಇರಲಿಲ್ಲ. ಕೊಟ್ಟಿಗೆಗೆ ಓಡಿದೆ.

ಅಜ್ಜ ಮೋತಿಯ ಬಲಗಡೆ ನಿಂತಿದ್ದ. ಕಣ್ಣು ಮುಚ್ಚಿತ್ತು. ಎಡಗೈಯಲ್ಲಿ ಡಬ್ಬಿ, ಬಲಗೈಯ ಹೆಬ್ಬೆರಳು ಕುದುರೆಯ ಕಣ್ಣಿನ ಕೆಳಗೆ ಕೂದಲನ್ನು ಕೆಳಮುಖವಾಗಿ, ನಿಧಾನವಾಗಿ ಒತ್ತುತ್ತಿತ್ತು. ನನ್ನ ಹೆಜ್ಜೆ ಕೇಳಿಯೂ ನಿಲ್ಲಿಸಲಿಲ್ಲ.

"ನಿಮ್ಮಜ್ಜಿ ಬರೋವರ್ಗೂ ಯಾರಾದ್ರೂ ಮಾಡ್ಬೇಕಲ್ಲ," ಎಂದ.

"ಅಜ್ಜ, ನಿಂಗೆ ಯಾವಾಗ ಗೊತ್ತಾಯ್ತು?"

"ಮೇಣ ಕೈಗೆ ಅಂಟಲ್ವೇನೇ? ಆ ಭಾನುವಾರನೇ ಗೊತ್ತಾಯ್ತು. ಕೂಗಿ ಹೇಳಿದ್ರೆ ನಾನೇ ಬ್ಯಾಡ ಅನ್ಬೇಕಿತ್ತು. ಅದಕ್ಕೆ ಟವೆಲ್ ಕೆಳಗೆ ಸಾಯ್ಬ್ರ ಅಂಗೈಲಿ ಬೆರಳಿಂದ ಸುಳಿಯಂಗೆ ಒಂದು ಸುತ್ತು ತಿರುಗಿಸ್ದೆ. ಇಲ್ದಿದ್ರೆ ಆ ಬೆಲೆಗೆ ಕೊಡ್ತಿದ್ರಾ ಅವ್ರು?"

ಅವನು ಡಬ್ಬಿಯ ಮುಚ್ಚಳ ಹಾಕಲು ಹೋಗಿ, ತಡೆದು, ನನ್ನ ಕಡೆಗೆ ಕೈಚಾಚಿದ.

"ನಿಮ್ಮವ್ವ ಅವಸರದಲ್ಲಿ ಬಾಚಿರ್ತಾಳೆ. ಬಾ ಇಲ್ಲಿ, ನಿಂದೂ ನೋಡೋಣ."

ನಾನು ಅವನಿಗೆ ಬೆನ್ನು ಮಾಡಿ ನಿಂತೆ. ಎತ್ತುಗಳ ಮೈಮೇಲೆ ಓಡಾಡಿದ ಆ ಬೆರಳುಗಳು ನನ್ನ ನೆತ್ತಿಯಲ್ಲಿ ಒಂದು ಸುಳಿ, ಎರಡು ಸುಳಿ ಎಂದು ಮುಟ್ಟಿ ನೋಡಿದವು. ಅಜ್ಜಿಯಷ್ಟು ಬಿಗಿಯಾಗಿ ಎಳೆಯಲಿಲ್ಲ. ಮೇಣ ಹಚ್ಚಿ ಒತ್ತಿ, ಜಡೆಯನ್ನು ಎತ್ತಿನ ಹಗ್ಗ ಹೊಸೆದಂತೆ ಹೊಸೆದು ಗಂಟು ಹಾಕಿದ. ಆಮೇಲೆ ಮೋತಿಯನ್ನು ಗಾಡಿಗೆ ಕಟ್ಟಿದೆವು. ಶಾಲೆ ತಲುಪುವಷ್ಟರಲ್ಲಿ ಜಡೆ ಅರ್ಧ ಬಿಚ್ಚಿಹೋಗಿತ್ತು. ನನ್ನ ಎರಡೂ ಸುಳಿಗಳು ಆ ದಿನ ತರಗತಿಗೆಲ್ಲ ಕಾಣುತ್ತಿದ್ದಿರಬೇಕು. ಯಾರೂ ಏನೂ ಕೇಳಲಿಲ್ಲ. ಕಿಟಕಿಯಾಚೆ ಹುಣಸೆಮರದ ಕೆಳಗೆ ಅಜ್ಜ ಗಾಡಿಯಲ್ಲಿ ನಿದ್ದೆ ಹೋಗಿದ್ದ, ಮೋತಿ ತುಟಿ ಇಳಿಬಿಟ್ಟು ಅವನನ್ನು ಕಾಯುತ್ತಿತ್ತು.